ಬ್ಯಾಂಕಾಕ್‌ನಲ್ಲಿ ಕಲಿತದ್ದು, ಲಿಂಗಸುಗೂರಿನಲ್ಲಿ ಕಲಿಸಿದ್ದು

ಬ್ಯಾಂಕಾಕ್‌ನ ಚುಲಾಭೋರ್ನ್ ಸಂಶೋಧನಾ ಸಂಸ್ಥೆ ಪರಿಸರ ವಿಷಶಾಸ್ತ್ರದಲ್ಲಿ ಹೊರದೇಶದವರಿಗೂ ತರಬೇತಿ ಕೊಡುತ್ತದೆ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿರುವ ನಾನು ಅಲ್ಲಿಗೆ ಹೋದದ್ದು ನೀರಿನಲ್ಲಿ ಬೆರೆಯುವ ಆರ್ಸೆನಿಕ್ ಎಂಬ ವಿಷದ ಬಗ್ಗೆ ಕಲಿಯಲು. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನೋಪೈರೈಟ್ ಎಂಬ, ಆರ್ಸೆನಿಕ್ ಇರುವ ಖನಿಜವಿದೆ. ದಕ್ಷಿಣ ಥಾಯ್ಲೆಂಡಿನ ರೊನ್ ಫಿಬುನ್‌ನ ತವರದ ಗಣಿಗಳಲ್ಲಿ ಇದ್ದದ್ದೂ ಅದೇ. ಅಲ್ಲಿ ಬಾವಿ ನೀರು ಕುಡಿದವರ ಚರ್ಮರೋಗ 1987ರಲ್ಲಿ ಬೆಳಕಿಗೆ ಬಂತು: ಎದೆಯ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ, ಅಂಗೈ ಅಂಗಾಲಲ್ಲಿ ಗಡುಸು ಗಂಟು. ಆ ಪಾಠ ಕೇಳುವಾಗ ನನಗೆ ನಮ್ಮ ತಾಲ್ಲೂಕಿನ ಬೋರುಗಳದ್ದೇ ಚಿಂತೆ.

ಯಂತ್ರಗಳ ಬಗ್ಗೆ ಬಹಳ ಹೇಳಿಕೊಟ್ಟರು. ಆದರೆ ನನ್ನ ಕೆಲಸದ ರೀತಿ ಬದಲಿಸಿದ್ದು ಒಂದು ಸಾದಾ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ ವಯಸ್ಕರಿಗೆ 60 ಕಿಲೋ ತೂಕ, ದಿನಕ್ಕೆ 2 ಲೀಟರ್ ನೀರು ಎಂದು ಹಿಡಿಯುತ್ತದೆ. ಮೇ ತಿಂಗಳ ರಾಯಚೂರು ಬಿಸಿಲಲ್ಲಿ ಕೂಲಿಗೆ ಹೋದವರಿಗೆ 2 ಲೀಟರ್ ಎಲ್ಲಿ ಸಾಲುತ್ತದೆ? ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ಮಿತಿ ಇರುವುದು ಲೀಟರಿಗೆ 10 ಮೈಕ್ರೋಗ್ರಾಂ. 50 ಇರುವ ಬೋರಿನ ನೀರು 5 ಲೀಟರ್ ಕುಡಿದರೆ 250 ಮೈಕ್ರೋಗ್ರಾಂ ಹೊಟ್ಟೆಗೆ ಹೋಯಿತು. 2 ಲೀಟರಿನ ಲೆಕ್ಕ ಹಿಡಿದ ಕಾಗದದಲ್ಲಿ ಅದು 100 ಅಷ್ಟೇ. ಬೇಳೆ ಬೇಯಿಸಿದ್ದು, ರೊಟ್ಟಿ ಹಿಟ್ಟಿಗೆ ಹಾಕಿದ ಎಸರು ಬೇರೆ. ಹಾಗಾಗಿ ಊರಿಗೆ ಬಂದು ಆಶಾ ಕಾರ್ಯಕರ್ತೆಯರಿಗೆ ಕಲಿಸುವಾಗ, ಯಾರು ಎಷ್ಟು ನೀರು ಕುಡಿಯುತ್ತಾರೆ ಎಂಬುದನ್ನೂ ಬರೆಸತೊಡಗಿದೆ.

ಆರ್ಸೆನಿಕ್ ಪತ್ತೆ ಮಾಡುವ ಕಿಟ್ ಬಳಸುವುದು ಕಷ್ಟವೇನಲ್ಲ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಕೈಪಂಪು ಹೊಡೆಯಬೇಕು. ಹಿಡಿದ ನೀರಿಗೆ ಆಮ್ಲದ ಪುಡಿ, ಸತುವಿನ ಪುಡಿ ಹಾಕಿ ಮುಚ್ಚಳ ಬಿಗಿದರೆ ಗುಳ್ಳೆ ಏಳುತ್ತದೆ. ಆರ್ಸೆನಿಕ್ ಇದ್ದರೆ ಮುಚ್ಚಳಕ್ಕೆ ಸಿಕ್ಕಿಸಿದ ಬಿಳಿ ಪಟ್ಟಿ ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದು. ಏಳುವ ಆರ್ಸೀನ್ ಅನಿಲ ವಿಷ, ಆದ್ದರಿಂದ ಕೋಣೆಯೊಳಗೆ ಮಾಡಲೇಬಾರದು. ಪಟ್ಟಿಯಲ್ಲಿ ಪಾದರಸದ ಲವಣ ಇರುವುದರಿಂದ ಅದನ್ನೂ ತಿಪ್ಪೆಗೆ ಎಸೆಯುವಂತಿಲ್ಲ.

“ಕಾಸಿ ಕುಡದ್ರ ಹೋಗಲ್ಲೇನ್ರಿ ಸರ್?” ಎಂಬ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ. ವಾಂತಿಭೇದಿ ತಡೆಯಲು ಕಾಸಿ ಕುಡಿಯಿರಿ ಎಂದು ವರ್ಷಗಟ್ಟಲೆ ಹೇಳಿದವರು ಆರೋಗ್ಯದ ಕೆಲಸದವರೇ. ಆ ಮಾತೂ ಸರಿಯೇ. “ಇಲ್ಲ ಅಕ್ಕಾರೆ, ನೀರು ಆವಿಯಾಗಿ ಹೋಗ್ತದ, ಆರ್ಸೆನಿಕ್ ಪಾತ್ರ್ಯಾಗೇ ಉಳೀತದ” ಎಂದು ಬಿಡಿಸಿ ಹೇಳುತ್ತೇನೆ.

ಪಟ್ಟಿಯ ಬಣ್ಣ ತಿರುಗಿಸಿದ ಬೋರಿನ ನೀರಿನ ಇನ್ನೊಂದು ಬಾಟಲಿ, ನೈಟ್ರಿಕ್ ಆಮ್ಲ ಹಾಕಿಸಿಕೊಂಡು ಪ್ರಯೋಗಾಲಯಕ್ಕೆ ಬರುತ್ತದೆ. ಅದರ ಫಲಿತಾಂಶ ಸಿಗುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು. ಬಟ್ಟೆ ಒಗೆಯಲು ಅದೇ ನಡೆಯುತ್ತದೆ. ಇದನ್ನು ತಾಂಡಾದ ಆಶಾ ಅಕ್ಕಂದಿರೇ ಲಂಬಾಣಿಯಲ್ಲಿ ಹೇಳಿದರೆ ಜನ ಎದುರು ಪ್ರಶ್ನೆ ಕೇಳುತ್ತಾರೆ, ನಾನು ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಾರೆ. ಅದಕ್ಕೇ ಮುಂದಿನ ತಂಡಕ್ಕೆ ಪಾಠ ಮಾಡುವವರು ಆ ಅಕ್ಕಂದಿರು.