ಮಳೆ, ಅಡಿಕೆ, ಆನ್‌ಲೈನ್ ಡಿಗ್ರಿ: ನಾನು ಓದಿದ ಲೆಕ್ಕ

ಆನ್‌ಲೈನ್ ಡಿಗ್ರಿಗೆ ಸೇರಬೇಕು ಅನ್ನುವವರು ಮೊದಲು ಕೇಳುವುದು ನೆಟ್ ಸ್ಪೀಡ್ ಎಷ್ಟಿರಬೇಕು ಅಂತ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಇದ್ದರೆ ಅದಕ್ಕೂ ಮೊದಲು ಪಂಚಾಂಗ ನೋಡಬೇಕು. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪರೀಕ್ಷೆಗಳು ನಡೆಯುವುದು ಜೂನ್ ಮತ್ತು ಡಿಸೆಂಬರ್‌ ಅವಧಿಯಲ್ಲಿ. ಜೂನ್ ಅಂದರೆ ಮೃಗಶಿರ, ಆರಿದ್ರೆ ಮಳೆ. ಡಿಸೆಂಬರ್ ಅಂದರೆ ಅಡಿಕೆ ಗೊನೆಯ ಕೊಯ್ಲು, ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವುದು. ಪರೀಕ್ಷೆ ಹತ್ತಿರ ಬಂದಾಗ ಓದಿದರಾಯ್ತು ಅನ್ನುವ ಕಾಲೇಜಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಓದಿನ ಹೆಚ್ಚಿನ ಭಾರವನ್ನು ನಾನು ಎರಡು ಕಡೆ ತುಂಬಿದ್ದು: ಫೆಬ್ರವರಿಯಿಂದ ಮೇ ಮೊದಲ ವಾರ, ಮತ್ತೆ ಆಗಸ್ಟ್ ಕೊನೆಯಿಂದ ಅಕ್ಟೋಬರ್.

ಸೇರುವ ಮುಂಚಿನ ಮಾತು ಬೇಗ ಮುಗಿಸುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು. ನೀವು ಸೇರುವ ಕೋರ್ಸಿನ ಹೆಸರು, ಸೇರುವ ವರ್ಷ ಎರಡೂ ಅಲ್ಲಿರಬೇಕು. ಮೊದಲು ಎಬಿಸಿ ಐಡಿ (ನಿಮ್ಮ ಕ್ರೆಡಿಟ್‌ಗಳು ಜಮೆಯಾಗುವ ಖಾತೆಯ ಸಂಖ್ಯೆ), ಅದರ ಮೇಲೆ ಡೆಬ್ ಐಡಿ (ಅದೇ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಿ. ಮಾನ್ಯತೆ ಇರುವ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿ ಆನ್‌ಲೈನಲ್ಲಿ ಕೊಡಿಸುತ್ತೇನೆ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ.

ಈಗ ಗಂಟೆಯ ಲೆಕ್ಕ. ಇಗ್ನೋ ಪ್ರಕಾರ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 20 ಕ್ರೆಡಿಟ್‌ನ ಸೆಮಿಸ್ಟರ್‌ಗೆ 600 ಗಂಟೆ. 20 ವಾರಕ್ಕೆ ಹಂಚಿದರೆ ವಾರಕ್ಕೆ 30 ಗಂಟೆ. ಕೆಲಸ, ತೋಟ ಇಟ್ಟುಕೊಂಡವರಿಗೆ ಇದು ಆಗದ ಮಾತು. ಆರು ದಿನ ಬೆಳಿಗ್ಗೆ ಐದರಿಂದ ಏಳು, ಭಾನುವಾರ ಒಟ್ಟು ಐದು ಗಂಟೆ ಅಂದರೆ ವಾರಕ್ಕೆ 17, ಸೆಮಿಸ್ಟರ್‌ಗೆ 340. ಐದು ಪೇಪರ್ ಇದ್ದರೆ ಒಂದಕ್ಕೆ 68 ಗಂಟೆ ಸಿಗುತ್ತದೆ. ಅದರಲ್ಲಿ ಸುಮಾರು 25 ಗಂಟೆ ವಿಡಿಯೋ ಮತ್ತು ಪಾಠಪುಸ್ತಕಕ್ಕೆ, 20 ಅಸೈನ್‌ಮೆಂಟ್‌ಗೆ, ಉಳಿದದ್ದು ಪೂರ್ತಿ ಹಳೆಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವುದಕ್ಕೆ. ಹೆಚ್ಚಿನವರು ಎಡವುವುದು ಇಲ್ಲೇ: 68 ಗಂಟೆಯನ್ನೂ ವಿಡಿಯೋ ನೋಡುವುದರಲ್ಲೇ ಕಳೆಯುತ್ತಾರೆ. ನೋಡುವಾಗ ಎಲ್ಲ ಗೊತ್ತಾದ ಹಾಗೆ ಇರುತ್ತದೆ, ಪೆನ್ನು ಹಿಡಿದರೆ ಮೂರು ಸಾಲು ದಾಟುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ, ಪರದೆ ಮುಚ್ಚಿ, ಕೇಳಿದ್ದನ್ನು ನಾಲ್ಕು ಸಾಲಲ್ಲಿ ಬರೆಯಬೇಕು. ಬರೆಯಲು ಆಗದಿದ್ದರೆ ಆ ಹತ್ತು ನಿಮಿಷ ಮತ್ತೆ ನೋಡಬೇಕು.

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಲ್ಲಿ ಪರೀಕ್ಷೆ ಬರೆಯುವವರು ಉದ್ದ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿಕೊಳ್ಳಿ. ಎಡಗಡೆ ವಿಷಯವನ್ನು ನಿಮ್ಮದೇ ಕನ್ನಡದಲ್ಲಿ, ಬಲಗಡೆ ಅದನ್ನೇ ಮೂರು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ. ಎಡಗಡೆ ಖಾಲಿ ಉಳಿದರೆ ವಿಷಯ ಅರ್ಥವಾಗಿಲ್ಲ, ಬಲಗಡೆ ಖಾಲಿ ಉಳಿದರೆ ಭಾಷೆ ಸಾಲದು. ಎರಡಕ್ಕೂ ಮದ್ದು ಬೇರೆ ಬೇರೆ. ಪಾಠ ಕಷ್ಟವಾದರೆ ಇಗ್ನೋದ ಇ-ಜ್ಞಾನಕೋಶದಲ್ಲಿ ಪುಸ್ತಕಗಳು ಉಚಿತ. ಬೇರೆ ವಿಶ್ವವಿದ್ಯಾಲಯದವರೂ ಇಳಿಸಿಕೊಳ್ಳಬಹುದು.

ನೆಟ್ಟಿನ ವಿಷಯಕ್ಕೆ ಬರೋಣ. ರೂಟರ್ ಕರೆಂಟು ತಿನ್ನುವುದು ಹತ್ತು ವ್ಯಾಟ್ ಆಸುಪಾಸು. ಅದರ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ 12 ವೋಲ್ಟಿನದೇ ಮಿನಿ ಯುಪಿಎಸ್ ತನ್ನಿ. 9 ವೋಲ್ಟಿನದಕ್ಕೆ 12 ಕೊಟ್ಟರೆ ರೂಟರ್ ಸುಡಬಹುದು. 30 ವ್ಯಾಟ್-ಅವರ್ ಬ್ಯಾಟರಿ ಇರುವಂಥದ್ದು ಎರಡೂವರೆ ಗಂಟೆ ಎಳೆಯುತ್ತದೆ. ಆದರೆ ಅದನ್ನೇ ನಂಬಬೇಡಿ. ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದರೂ ಕೇಬಲ್‌ನವರ ಕಡೆ ಬ್ಯಾಕಪ್ ಮುಗಿದರೆ ನೆಟ್ ಹೋಯ್ತು. ಏನಾಗಿದೆ ಎಂದು ತಿಳಿಯಲು ಫೈಬರ್ ಡಬ್ಬಿಯ ದೀಪ ನೋಡಿ. ಎಲ್‌ಓಎಸ್ (LOS) ಎಂಬಲ್ಲಿ ಕೆಂಪು ದೀಪ ಬಂದರೆ ನಿಮ್ಮ ಡಬ್ಬಿಗೆ ಬೆಳಕು ತಲುಪುತ್ತಿಲ್ಲ: ಎಲ್ಲೋ ಮರ ಬಿದ್ದು ತಂತಿ ತುಂಡಾಗಿದೆ, ಇಲ್ಲವೇ ಅವರ ಕಡೆಯ ಯಂತ್ರ ಆರಿದೆ. ಆ ದಿನ ರೂಟರ್ ಆಫ್-ಆನ್ ಮಾಡುತ್ತಾ ಕೂರುವುದು ದಂಡ. ಕೆಂಪು ಇಲ್ಲದೆ ಪಾನ್ (PON) ಎಂಬ ದೀಪ ಹಸಿರಾಗಿ ನಿಂತಿದ್ದೂ ನೆಟ್ ಬರದಿದ್ದರೆ ಒಮ್ಮೆ ಆಫ್-ಆನ್ ಮಾಡಿ, ಆಮೇಲೆ ಫೋನ್ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಶುರುವಾದರೆ ಮಿನಿ ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು ಬ್ಯಾಟರಿ ಮೇಲೆ ಓದಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಕರೆಂಟಿನ ತಂತಿಯಲ್ಲಿ ಹರಿಯುತ್ತದೆ. ಇನ್ನು ಎರಡು ದಿನ ಕರೆಂಟು ಬಾರದ ಆರಿದ್ರೆ ಮಳೆಗೆ ಯಾವ ಯುಪಿಎಸ್ಸೂ ಸಾಲದು, ಮೊಬೈಲ್ ಟವರೂ ಮಲಗುತ್ತದೆ. ಅದಕ್ಕೇ ಮೇ ಕೊನೆಯೊಳಗೆ ಡೌನ್‌ಲೋಡ್‌ಗೆ ಅವಕಾಶ ಇರುವ ಎಲ್ಲ ವಿಡಿಯೋ 480ರ ಗುಣಮಟ್ಟದಲ್ಲಿ ಇಳಿಸಿ, ಪಾಠಪುಸ್ತಕ ಮುದ್ರಿಸಿ ಇಟ್ಟುಕೊಂಡಿರಬೇಕು. ಲೈವ್ ಕ್ಲಾಸಿಗೆ ಕ್ಯಾಮೆರಾ ಆಫ್ ಮಾಡಿ ಧ್ವನಿ ಮಾತ್ರ ಇಟ್ಟರೆ ದುರ್ಬಲ ಸಿಗ್ನಲ್‌ನಲ್ಲೂ ಎಳೆಯುತ್ತದೆ.

ಅಸೈನ್‌ಮೆಂಟ್‌ಗೆ ಇಗ್ನೋದಲ್ಲಿ ಸಾಮಾನ್ಯವಾಗಿ 30 ಪರ್ಸೆಂಟ್ ಅಂಕ. ಮನೆಯಲ್ಲಿ ಕೂತು ಗಳಿಸಬಹುದಾದ ಈ ಅಂಕವನ್ನು ಜನ ಕೊನೆ ರಾತ್ರಿಗೆ ಬಿಟ್ಟು ಕಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಕಾಗದ ತಣ್ಣಗೆ ತೇವ ಹೀರಿರುತ್ತದೆ; ಜೆಲ್ ಪೆನ್ನಿನ ಶಾಯಿ ಹರಡಿ ಹಿಂಬದಿಗೂ ಮೂಡುತ್ತದೆ. ಬಾಲ್ ಪೆನ್ನಲ್ಲಿ, ಒಂದೇ ಮಗ್ಗುಲಿಗೆ ಬರೆಯಿರಿ. ಸ್ಕ್ಯಾನ್ ಮಾಡುವುದು ಬೆಳಿಗ್ಗೆ ಹನ್ನೊಂದರ ಮೇಲೆ, ಕಿಟಕಿಗೆ ಎಡ ಮಗ್ಗುಲು ಕೊಟ್ಟು. ರಾತ್ರಿ ಬಲ್ಬಿನ ಕೆಳಗೆ ತೆಗೆದರೆ ಫೋನಿನ ನೆರಳೇ ಅರ್ಧ ಪುಟ ತಿನ್ನುತ್ತದೆ. ಹಾಳೆ ಕೆಳಗೆ ಕಪ್ಪು ರಟ್ಟು ಇಟ್ಟರೆ ಆ್ಯಪ್ ಅಂಚನ್ನು ಸರಿಯಾಗಿ ಹಿಡಿಯುತ್ತದೆ. ಬಣ್ಣ ತೆಗೆದು ಗ್ರೇ ಮಾಡಿ ಉಳಿಸಿ, ಫೈಲ್ ಎಷ್ಟೋ ಹಗುರವಾಗುತ್ತದೆ. ಅಪ್‌ಲೋಡ್ ಮಾಡುವ ಮೊದಲು ಪುಟದ ಸಂಖ್ಯೆ ಎಣಿಸಿ. ಮಾಡಿದ ಮೇಲೆ ಅದೇ ಫೈಲನ್ನು ಪೋರ್ಟಲ್‌ನಿಂದ ಮತ್ತೆ ತೆರೆದು ನೋಡಿ. ಸ್ವೀಕೃತಿಯ ಸ್ಕ್ರೀನ್‌ಶಾಟ್ ಫಲಿತಾಂಶ ಬರುವವರೆಗೂ ಇರಲಿ, ಅಂಕಪಟ್ಟಿಯಲ್ಲಿ ಆ ಕಾಲಂ ಖಾಲಿ ಬಂದರೆ ಕೇಳಲು ಇರುವ ದಾಖಲೆ ಅದೊಂದೇ.

ಪರೀಕ್ಷೆ ಕ್ಯಾಮೆರಾ ಕಾವಲಿನಲ್ಲಿ ಮನೆಯಿಂದಲೇ ಬರೆಯುವಂಥದ್ದಾದರೆ ಬೆಳಗಿನ ಸ್ಲಾಟ್ ಹಿಡಿಯಿರಿ, ಆಗುವುದಾದರೆ ಶಿವಮೊಗ್ಗ ಪೇಟೆಯ ನೆಂಟರ ಮನೆಯಲ್ಲಿ ಕೂರಿ. ಆದರೆ ಹಿಂದಿನ ಸಂಜೆಯೇ ಹೋಗಿ, ಅದೇ ಕುರ್ಚಿ, ಅದೇ ನೆಟ್‌ನಲ್ಲಿ ಮಾದರಿ ಪರೀಕ್ಷೆ ಒಮ್ಮೆ ತೆರೆಯಬೇಕು. ಅತ್ತೆ ಚಹಾ ಹಿಡಿದು ಒಳಗೆ ಬಂದರೂ ಕ್ಯಾಮೆರಾ ಅದನ್ನು ಎರಡನೇ ಮುಖ ಅಂತಲೇ ದಾಖಲಿಸುತ್ತದೆ. ಬಾಗಿಲಿಗೆ ಚಿಲಕ ಹಾಕುತ್ತೇನೆ ಅಂತ ಮೊದಲೇ ಹೇಳಿಬಿಡಿ.