ಎಂಟನೇ ಕ್ಲಾಸಿಗೆ ಸಂವಿಧಾನ: ಲೀಡರ್‌ನಿಂದ ಶುರು ಮಾಡಿದೆ

ನಮ್ಮ ಸಂವಿಧಾನ 1949ರ ನವೆಂಬರ್ 26ಕ್ಕೆ ಅಂಗೀಕಾರ, 1950ರ ಜನವರಿ 26ಕ್ಕೆ ಜಾರಿ. ಎಂಟನೇ ಕ್ಲಾಸಿನ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಗೆ ಬೇಕು, ನಿಜ. ಆದರೆ ಅಧಿಕಾರ ಯಾರ ಕೈಲಿದ್ದರೂ ಅದಕ್ಕೊಂದು ಮಿತಿ ಇರಬೇಕು ಅನ್ನೋದು ತಿಳಿಯದಿದ್ದರೆ ಆ ತಾರೀಖುಗಳಿಂದ ಏನೂ ಸಿಗುವುದಿಲ್ಲ. ಹಾಗಾಗಿ ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ನಾನು ಕ್ಲಾಸ್ ಲೀಡರ್‌ನಿಂದ ಪಾಠ ಶುರು ಮಾಡುತ್ತೇನೆ.

ಮೇಷ್ಟ್ರು ಇಲ್ಲದಾಗ ಲೀಡರ್ ಏನು ಮಾಡುತ್ತಾಳೆ? ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಾಳೆ. ಯಾವುದು ಗಲಾಟೆ ಅಂತ ಅವಳೇ ತೀರ್ಮಾನಿಸುತ್ತಾಳೆ. ‘ನಾನು ಮಾತಾಡೇ ಇಲ್ಲ ಕಣೇ’ ಅಂದರೆ ಆ ದೂರು ಕೇಳೋದೂ ಅವಳೇ. ಇಷ್ಟು ಹೇಳಿದರೆ ಸಾಕು, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಎಲ್ಲರಿಗೂ ಒಂದೊಂದು ಹಳೇ ಅನ್ಯಾಯ ನೆನಪಿರುತ್ತೆ!

ಆಗ ಕೆಲಸ ಹಂಚುತ್ತೇವೆ. ನಿಯಮ ಮಾಡೋದು ಇಡೀ ಕ್ಲಾಸು. ಜಾರಿಗೆ ತರೋದು ಲೀಡರ್. ತಕರಾರು ಕೇಳೋದಕ್ಕೆ ಚೀಟಿ ಎತ್ತಿ ಆರಿಸಿದ ಮೂವರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅನ್ನೋ ಪದಗಳು ಬೋರ್ಡಿಗೆ ಬರೋದು ಇದೆಲ್ಲ ಆದ ಮೇಲೆ. ನಮ್ಮ ದೇಶದಲ್ಲಿ ಮಂತ್ರಿಗಳು ಶಾಸಕಾಂಗದವರೇ ಆಗಿರುವುದರಿಂದ ಮೊದಲೆರಡು ಪೂರ್ತಿ ಬೇರೆ ಅಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಒಂದು ವರ್ಷ ಮಕ್ಕಳು ‘ತಡವಾಗಿ ಬಂದವರು ಕ್ಲಾಸ್ ಗುಡಿಸಬೇಕು’ ಅಂತ ನಿಯಮ ಮಾಡಿದರು. ಜಾಸ್ತಿ ಕೈಗಳು ಎದ್ದವು, ಪಾಸಾಯಿತು. ತಡವಾಗಿ ಬರೋರು ಯಾರು? ತೋಟದ ಕೆಲಸಗಾರರ ಲೈನ್ ಮನೆಗಳಿಂದ ನಡೆದು ಬರೋ ಮಕ್ಕಳು. ಅವರಲ್ಲೊಬ್ಬಳು ಎದ್ದು, “ಸಾರ್, ಜಾಸ್ತಿ ಜನ ಕೈ ಎತ್ತಿದ್ರೆ ಸರಿ ಆಗ್ಬಿಡುತ್ತಾ?” ಅಂದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಕ್ಲಾಸಿನಲ್ಲಿ ಬಂದಿಲ್ಲ. 14ನೇ ವಿಧಿಯ ಸಮಾನತೆಯನ್ನೂ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲೋದಿಲ್ಲ ಅನ್ನುವ 13ನೇ ವಿಧಿಯನ್ನೂ ಆವತ್ತೇ ಓದಿಸಿದೆ. ಮೂವರು ಕೂತು ಮಾತಾಡಿ ನಿಯಮವನ್ನು ತೆಗೆದುಹಾಕಿದರು. ಮೇಷ್ಟ್ರಿಗೂ ಮಿತಿ ಇದ್ಯಾ ಅಂತ ಇನ್ನೊಬ್ಬ ಕೇಳಿದ. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ಹೊಡೆಯುವ ಹಾಗಿಲ್ಲ, ಮಾನಸಿಕವಾಗಿ ಹಿಂಸಿಸುವ ಹಾಗೂ ಇಲ್ಲ.

ಕೊನೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಗೇ ಬರುವ ಒಂದು ಕಥೆ ಹೇಳುತ್ತೇನೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಗೆಲುವನ್ನೇ ರದ್ದು ಮಾಡಿತು. ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸದ ಹಾಗೆ ಸಂಸತ್ತು ಸಂವಿಧಾನಕ್ಕೆ 39ನೇ ತಿದ್ದುಪಡಿ ತಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿದರೂ ತಿದ್ದುಪಡಿಯ ಆ ಭಾಗವನ್ನು ಒಪ್ಪಲಿಲ್ಲ. 1977ರಲ್ಲಿ ಜನ ಅವರನ್ನು ಸೋಲಿಸಿದರು. 1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರಿನ ಜನ ಗೆಲ್ಲಿಸಿ ಕಳಿಸಿದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು.

ಆ ಉಪಚುನಾವಣೆಯ ಬಗ್ಗೆ ಮನೆಯಲ್ಲಿ ಅಜ್ಜ, ಅಜ್ಜಿಯನ್ನು ಕೇಳಿಕೊಂಡು ಬರೋದೇ ಹೋಂವರ್ಕ್. ಮಕ್ಕಳು ಪಕ್ಷದ ಜಗಳವನ್ನೂ ಹೊತ್ತು ತರುತ್ತಾರೆ. ಅದನ್ನು ಅಲ್ಲಿಗೇ ಬಿಡಿಸಿ ಎರಡು ಪ್ರಶ್ನೆ ಕೊಡುತ್ತೇನೆ: ಪ್ರತಿ ಸಲ ಯಾರು ಯಾರನ್ನು ತಡೆದರು? ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು?