400 ಮೇಲ್‌ಬಾಕ್ಸ್, ಒಂದು ಸಣ್ಣ ಸರ್ವರ್: ಕಾಲೇಜಿನ ಸ್ಪ್ಯಾಮ್ ನಿಲ್ಲಿಸಿದ ಬಗೆ

ಮೇಲ್ ಸೋಸಿಕೊಡುವ ಕ್ಲೌಡ್ ಗೇಟ್‌ವೇ ಇಲ್ಲದೆ ಆಗದ ಕೆಲಸ ಎಂದೇ ಎಲ್ಲರೂ ಹೇಳುತ್ತಿದ್ದರು. ಬಾಕ್ಸ್‌ಗೆ ತಿಂಗಳಿಗೆ 100 ರೂ. ಆಸುಪಾಸಿನ ಕೊಟೇಶನ್, 400 ಬಾಕ್ಸ್‌ಗೆ ವರ್ಷಕ್ಕೆ ಹತ್ತಿರಹತ್ತಿರ 5 ಲಕ್ಷ. ಈಗ 4 ಜಿಬಿಯ ಒಂದು ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ, ಡಿಎನ್‌ಎಸ್ ವಿಚಾರಣೆ ನಡೆಸುವ ಅನ್‌ಬೌಂಡ್ ಓಡುತ್ತಿವೆ. ತಿಂಗಳ ಖರ್ಚು 2000 ರೂ. ದಾಟುವುದಿಲ್ಲ. ಇಡೀ ಕಾಲೇಜಿಗೆ ದಿನಕ್ಕೆ ನುಸುಳುವ ಕಸ ಬೆರಳೆಣಿಕೆಯಷ್ಟು.

ತಡೆಯಬೇಕಾದ್ದು ಬಾಗಿಲಲ್ಲೇ. ಒಳಗೆ ತೆಗೆದುಕೊಂಡು ಜಂಕ್‌ಗೆ ತಳ್ಳಿದರೆ ಅಸಲಿ ಪತ್ರವೂ ಅಲ್ಲೇ ಕೊಳೆಯುತ್ತದೆ. ತಿರಸ್ಕಾರದ ಕೋಡ್ 554 ಕೊಟ್ಟರೆ ಕಳಿಸಿದವರಿಗೆ ಬೌನ್ಸ್ ಹೋಗುತ್ತದೆ, ಅವರು ಫೋನ್ ಮಾಡುತ್ತಾರೆ. ಪೋಸ್ಟ್‌ಫಿಕ್ಸ್‌ನ ಬಾಗಿಲು ಕಾಯುವ ಪೋಸ್ಟ್‌ಸ್ಕ್ರೀನ್, ಸ್ವಾಗತದ ಕೋಡ್ ಆದ 220ರ ಮೊದಲ ಸಾಲು ಕೊಟ್ಟು 6 ಸೆಕೆಂಡ್ ಕಾಯಿಸುತ್ತದೆ. ಸ್ಪ್ಯಾಮ್ ಬಾಟ್‌ಗಳು ಸರದಿ ಕಾಯದೆ ಅಷ್ಟರಲ್ಲೇ ಬಾಯಿಬಿಟ್ಟು ಸಿಕ್ಕಿಬೀಳುತ್ತವೆ. ಅದರ ಮುಂದಿನ ಆಳದ ಪರೀಕ್ಷೆಗಳನ್ನು ಆನ್ ಮಾಡಲೇಬೇಡಿ. ಪಾಸಾದ ಸರ್ವರ್‌ಗೂ ಮೊದಲ ಸಲ 450, ಅಂದರೆ ಆಮೇಲೆ ಬಾ ಎಂಬ ಕೋಡ್, ಸಿಗುತ್ತದೆ, ಜಿಮೇಲ್ ಬೇರೆ ಐಪಿಯಿಂದ ಮತ್ತೆ ಬರುತ್ತದೆ, ಪತ್ರ ಗಂಟೆಗಟ್ಟಲೆ ಅಲೆಯುತ್ತದೆ.

ಬಹಳ ಜನ ಎಡವುವುದು ಸ್ಪ್ಯಾಮ್‌ಹೌಸ್ ಝೆನ್‌ನಲ್ಲಿ, ಅಂದರೆ ಡಿಎನ್‌ಎಸ್ ಮೂಲಕ ಕೇಳಿ ನೋಡುವ ಐಪಿಗಳ ಕಪ್ಪುಪಟ್ಟಿಯಲ್ಲಿ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ರಿಸಾಲ್ವರ್ 8.8.8.8 ಮೂಲಕ ಕೇಳಿದರೆ ಅದು 127.255.255.254 ಎಂದು ಉತ್ತರಿಸುತ್ತದೆ. ಸಾರ್ವಜನಿಕ ರಿಸಾಲ್ವರಿನಿಂದ ಕೇಳಬೇಡಿ ಎಂದಷ್ಟೇ ಅದರ ಅರ್ಥ. ಕಾನ್ಫಿಗ್‌ನಲ್ಲಿ ಪಟ್ಟಿಯ ಹೆಸರು ಮಾತ್ರ ಇದ್ದರೆ ಪೋಸ್ಟ್‌ಫಿಕ್ಸ್ ಇದನ್ನೂ ಸ್ಪ್ಯಾಮ್ ಗುರುತು ಎಂದೇ ಎಣಿಸಿ ಬಂದ ಮೇಲ್‌ನೆಲ್ಲ ವಾಪಸ್ ಅಟ್ಟುತ್ತದೆ. ಸರ್ವರಿನಲ್ಲೇ ಅನ್‌ಬೌಂಡ್ ಕೂರಿಸಿ, ಪ್ರಶ್ನೆಯನ್ನು ಬೇರೆ ರಿಸಾಲ್ವರ್‌ಗೆ ದಾಟಿಸುವ ಫಾರ್ವರ್ಡರ್ ಇಲ್ಲದೆ. 127.0.0.2ರಿಂದ 127.0.0.11ರವರೆಗಿನ ಉತ್ತರಕ್ಕೆ ಮಾತ್ರ ಸ್ಪ್ಯಾಮ್ ಅಂಕ ಕೊಡಿ.

ಆರ್‌ಸ್ಪ್ಯಾಮ್‌ಡಿ ತಾನಾಗಿಯೇ 4 ಅಂಕಕ್ಕೆ ಗ್ರೇಲಿಸ್ಟ್ (ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾ ಎನ್ನುವುದು), 6ಕ್ಕೆ ಪತ್ರದ ಹೆಡರ್‌ನಲ್ಲಿ ಸ್ಪ್ಯಾಮ್ ಗುರುತು, 15ಕ್ಕೆ ತಿರಸ್ಕಾರ ಮಾಡುತ್ತದೆ. ನಮ್ಮಲ್ಲಿ ಕೊನೆಯದು 12ರ ಸುಮಾರು. ಗ್ರೇಲಿಸ್ಟ್ ಕಾಯಿಸುವ 5 ನಿಮಿಷದಲ್ಲಿ ಒಟಿಪಿ ಸತ್ತೇ ಹೋಗುತ್ತದೆ. ಹಾಗಾಗಿ ಬ್ಯಾಂಕ್, ವಿಶ್ವವಿದ್ಯಾಲಯಗಳ ಡೊಮೇನ್‌ಗೆ ವಿನಾಯಿತಿ, ಅದೂ ಡಿಕಿಮ್ (ಕಳಿಸಿದ ಡೊಮೇನಿನ ಡಿಜಿಟಲ್ ಸಹಿ) ಸರಿ ಇದ್ದರೆ ಮಾತ್ರ. ಮಾದರಿ ಮೇಲ್ ನೋಡಿ ಕಲಿಯುವ ಬೇಯ್ಸ್ ಸೋಸುಕ 200 ಒಳ್ಳೆಯದು, 200 ಕೆಟ್ಟದ್ದು ಕಲಿಯುವ ತನಕ ಮಾತಾಡುವುದಿಲ್ಲ. ಜಂಕ್‌ಗೆ ಎಳೆದದ್ದನ್ನೆಲ್ಲ ಕಲಿಸಬೇಡಿ. ತಾವೇ ಚಂದಾದಾರರಾದ ಜರ್ನಲ್ ಅಲರ್ಟ್‌ಗಳನ್ನೂ ಜನ ಅಲ್ಲಿಗೆ ಎಳೆಯುತ್ತಾರೆ. ಇಬ್ಬರು ಸಿಬ್ಬಂದಿ ಎಳೆದದ್ದು ಮಾತ್ರ ನಮ್ಮಲ್ಲಿ ಪಾಠ.

ಪಕ್ಕದ ಪ್ರಯೋಗವೊಂದು ಭರ್ಜರಿ ಫಲ ಕೊಟ್ಟಿತು. ಮನುಷ್ಯರ ಕಣ್ಣಿಗೆ ಬೀಳದ, ಜಾಲಾಡುವ ಬಾಟ್‌ಗೆ ಮಾತ್ರ ಸಿಗುವ ಬಲೆ ವಿಳಾಸಗಳು. ಅಲ್ಲಿಗೆ ಬಂದದ್ದು ನೇರ ಬೇಯ್ಸ್‌ಗೆ. ಎಲ್ಲಿಟ್ಟಿದ್ದೇವೆ, ಯಾವ ಹೆಸರಲ್ಲಿ ಎಂಬುದು ನಮ್ಮಲ್ಲೇ ಇರಲಿ.

ನಿಮ್ಮ ಡೊಮೇನ್ ಹೆಸರಿನ ನಕಲಿ ಮೇಲ್ ಬಂದರೆ ಏನು ಮಾಡಬೇಕೆಂದು ಇತರರಿಗೆ ಹೇಳುವ ಡಿಮಾರ್ಕ್ ಅನ್ನು ಅವಸರದಲ್ಲಿ ರಿಜೆಕ್ಟ್‌ಗೆ ಏರಿಸಬೇಡಿ. ಒಂದೆರಡು ತಿಂಗಳು ಏನೂ ತಡೆಯದ none ಸ್ಥಿತಿಯಲ್ಲಿಟ್ಟು ವರದಿ ಓದಿ. ಶುಲ್ಕದ ಸಾಫ್ಟ್‌ವೇರ್, ಗ್ರಂಥಾಲಯದ ನೆನಪೋಲೆ, ಎಲ್ಲವೂ ನಿಮ್ಮ ಡೊಮೇನಿನಿಂದಲೇ ಹೊರಡುತ್ತಿರುತ್ತವೆ. ಅವನ್ನೆಲ್ಲ ಎಸ್‌ಪಿಎಫ್‌ಗೆ (ನಿಮ್ಮ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಡಿಎನ್‌ಎಸ್ ದಾಖಲೆ) ತುರುಕಿದರೆ 10 ಡಿಎನ್‌ಎಸ್ ಲುಕಪ್‌ಗಳ ಮಿತಿ ಮೀರಿ ಇಡೀ ದಾಖಲೆಯೇ ಕೆಡುತ್ತದೆ. ಹೊರಗಿನ ವೆಂಡರ್‌ಗೆ ಸಬ್‌ಡೊಮೇನ್ ಕೊಡುವುದೇ ಲೇಸು.

ಹೊರಹೋಗುವ ದಾರಿಗೂ ಕಾವಲು ಬೇಕು. ಒಬ್ಬರ ಪಾಸ್‌ವರ್ಡ್ ಸೋರಿದರೆ ರಾತ್ರೋರಾತ್ರಿ ಐಪಿ ಕಪ್ಪುಪಟ್ಟಿಗೆ ಸೇರುತ್ತದೆ. ಲಾಗಿನ್‌ಗೆ ಗಂಟೆಗೆ 100 ಸ್ವೀಕರಿಸುವವರ ಮಿತಿ ಹಾಕಿ. ಮೀರಿದ ಖಾತೆ ತಾನಾಗಿ ಮುಚ್ಚಿ ನಿಮಗೆ ಎಸ್‌ಎಂಎಸ್ ಬರಲಿ. ಅಧ್ಯಾಪಕರ ಮೇಲ್ ಜಿಮೇಲ್‌ಗೆ ತಾನಾಗಿ ಫಾರ್ವರ್ಡ್ ಆಗುವುದನ್ನು ಪೂರ್ತಿ ನಿಲ್ಲಿಸಿ: ನುಸುಳಿದ ಸ್ಪ್ಯಾಮ್ ನೀವೇ ಕಳಿಸಿದಂತೆ ಗೂಗಲ್ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಮೇಲ್‌ಬಾಕ್ಸನ್ನು ನೇರ ತೆರೆಯುವ ಐಮ್ಯಾಪ್ ಅನ್ನು ಫೋನಿನಲ್ಲಿ ಹಾಕಿಕೊಟ್ಟರೆ ಅವರ ಕೆಲಸವೂ ನಡೆಯುತ್ತದೆ.